ಮಾವನ ಕಂಪ್ಯೂಟರು ಆರಿಸಿದ ಬೀದಿ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಊರವರು ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ "ನಿಮ್ಮನೆ ಒಲೆ ದಿನಕ್ಕೆಷ್ಟು ತೆಂಗಿನಮಟ್ಟೆ ತಿನ್ನುತ್ತೆ?" ಎಂದು ಯಾವ ಹುಚ್ಚ ತಾನೇ ಕೇಳುತ್ತಾನೆ!

ಮಾವ ಆಗ ದಂಡಿನಶಿವರದ ಕಡೆಯ ನಮ್ಮೂರ ಪಂಚಾಯ್ತಿ ಮೆಂಬರು. ಕಂಪ್ಯೂಟರು ಹಳ್ಳಿಗಳಿಗೆ ಆಗತಾನೇ ಕಾಲಿಡುತ್ತಿತ್ತು. ತುಮಕೂರಿಗೆ ಯಾವುದೋ ತರಬೇತಿಗೆ ಹೋದವರು ಒಂದು ಸಿ.ಡಿ. ಹಿಡಿದು ಬಂದರು. ಊರಿನ ಒಲೆ, ಬಲ್ಬು, ಪಂಪ್‌ಸೆಟ್ಟು, ಜನ ಎಲ್ಲದರ ಲೆಕ್ಕ ತುಂಬಿದರೆ ಮುಂದೆ ಎಷ್ಟು ಸೌದೆ ಬೇಕು, ಎಷ್ಟು ಕರೆಂಟು ಬೇಕು, ಬೀದಿದೀಪ ಎಲ್ಲಿ ನೆಟ್ಟರೆ ಲಾಭ ಎಂದು ಅದೇ ಹೇಳುತ್ತದಂತೆ!

ಶುರುವಾಯಿತು. ಮದುವೆಮನೆಗೆ ಹೋದರೆ ಮಾವ ಪಂಕ್ತಿಯಲ್ಲಿ ಕೂರದೆ ನೇರ ಒಲೆಯ ಹತ್ತಿರ ನಡೆದರು. "ಈ ಸಾರಿಗೆ ಎಷ್ಟು ಸೌದೆ ಹೋಯ್ತು?" ಅಡುಗೆಯವರು ಬೇಸತ್ತು, "ನೀವೇ ಉರಿ ಹಾಕ್ಕೊಂಡು ನೋಡ್ಕೊಳಿ ಸ್ವಾಮಿ" ಎಂದು ಒಲೆಯನ್ನೇ ಒಪ್ಪಿಸಿದರು. ಮಾವ ಊಟಕ್ಕೆ ಕೂತದ್ದು ಹೆಣ್ಣು ಗಂಡನ ಮನೆಗೆ ಹೊರಟಮೇಲೆ!

ಲೆಕ್ಕ ತುಂಬಿಯಾದ ದಿನ ಸಂಜೆ ನಮ್ಮನ್ನೆಲ್ಲ ಪಂಚಾಯ್ತಿಗೆ ಬಂದಿದ್ದ ಕಂಪ್ಯೂಟರಿನ ಮುಂದೆ ಕೂರಿಸಿದರು. "ಬತ್ತೈತೆ, ಈಗ ಬತ್ತೈತೆ" ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ಅತ್ತೆ ಕತ್ತಲಲ್ಲೇ ಕೇಳಿದರು: "ಅಲ್ಲ ಕಣ್ರೀ, ಕರೆಂಟು ಎಷ್ಟು ಬೇಕು ಅಂತ ಹೇಳಕ್ಕೂ ಕರೆಂಟೇ ಬೇಕಾ?"

ಇಷ್ಟರಲ್ಲಿ ಊರಿಗೊಂದು ಸೋಲಾರ್ ದೀಪ ಮಂಜೂರಾಯಿತು. ಒಂದೇ ಒಂದು! ಎಲ್ಲಿ ನೆಡಬೇಕೆಂಬುದನ್ನು ಕಂಪ್ಯೂಟರಿಗೇ ಬಿಟ್ಟರು. ಪಂಚಾಯ್ತಿ ಅಧ್ಯಕ್ಷರು ಎಳನೀರಿನ ಗೊನೆ ಹೊತ್ತು ತಂದು, "ನಮ್ ಬೀದಿ ಕಡೆ ಒಸಿ ನೋಡ್ಕೊಳ್ರೀ" ಎಂದರು.

"ಕಂಪ್ಯೂಟರು ಎಳನೀರು ಕುಡಿಯಲ್ಲ ಕಣಪ್ಪ" ಎಂದ ಮಾವ, ಕೂತಲ್ಲೇ ಅಷ್ಟನ್ನೂ ತಾವೇ ಕುಡಿದು ಮುಗಿಸಿದರು.

ಗ್ರಾಮಸಭೆಯಲ್ಲಿ ಉತ್ತರ ಓದಿದರು. ಕೆರೆಯ ಕಡೆಯ ಕೊನೇ ಬೀದಿ, ಟೈಲರ್ ಬೂಬಮ್ಮನವರ ಮನೆ ಮುಂದೆ!

ಅಧ್ಯಕ್ಷರು ಎದ್ದು ನಿಂತರು. "ಅಲ್ಲಿರೋದು ಬೂಬಮ್ಮ ಒಬ್ರೇ ಕಣ್ರೀ! ನಿಮ್ ಲೆಕ್ಕ ತಪ್ಪೈತೆ."

"ಒಬ್ರು ಅಂತ್ಲೇ ಮೊದ್ಲು ಹಾಕಿದ್ದೆ. ಆಮೇಲೆ ನಾನೇ ತಿದ್ದಿದೆ" ಎಂದರು ಮಾವ.

"ತಿದ್ದಿದ್ರಾ? ಯಾಕೆ?" ಎಂದರು ಅಧ್ಯಕ್ಷರು.

"ನಮ್ಮೆಲ್ರ ಮಕ್ಕಳ ಯೂನಿಫಾರಂ ಹೊಲಿಯೋರು ಅವ್ರೇ ತಾನೇ? ಬುಡ್ಡಿದೀಪದಾಗೆ ಹೊಲೀತಾ ಮೊನ್ನೆ ಬೆರಳಿಗೇ ಸೂಜಿ ಇಳಿಸ್ಕೊಂಡ್ರು. ಆ ಮಕ್ಕಳನ್ನೆಲ್ಲ ಅವ್ರ ಮನೆ ಜನ ಅಂತ ಹಾಕ್ದೆ. ತಪ್ಪಾಗಿದ್ರೆ ಹೇಳ್ರಪ್ಪ, ತೆಗೀತೀನಿ."

ಅಧ್ಯಕ್ಷರ ತೊಡೆಯ ಮೇಲೆ ಅವರ ಮೊಮ್ಮಗಳು ಸ್ಕೂಲಿನ ನೀಲಿ ಲಂಗದಲ್ಲೇ ನಿದ್ದೆ ಹೋಗಿದ್ದಳು. ಅವರು ಅವಳ ಲಂಗದ ಅಂಚು ಸವರಿ, "ಅಲ್ಲೇ ನೆಡ್ಲಿ ಬುಡ್ರೀ" ಎಂದರು.

ದೀಪ ಹತ್ತಿದ ಸಂಜೆ ಬೂಬಮ್ಮ ಮಿಷನ್ನನ್ನು ಹೊಸಿಲಾಚೆ ಎಳೆದುಕೊಂಡರು. "ಅಣ್ಣಾ, ನಿಮ್ ಜೇಬು ಹರಿದೈತೆ, ಕೊಡಿ ಇಲ್ಲಿ" ಎಂದರು. ಮಾವ ಅಂಗಿ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲೇ ಜಗಲಿಯ ಮೇಲೆ ಕೂತರು. ಬೂಬಮ್ಮ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ಏರಿಸಿದರು.