ಕೆಂಪಿಯ ಕೊಟ್ಟಿಗೆಗೆ ನಾನು ಎಳೆದ ಕರೆಂಟು

ಹತ್ತು ವರ್ಷದಿಂದ ಮಕ್ಕಳಿಗೆ ವಿದ್ಯುಚ್ಛಕ್ತಿಯ ಪಾಠ ಹೇಳುತ್ತಿದ್ದ ನನಗೆ, ಕೊಟ್ಟಿಗೆಗೊಂದು ಬಲ್ಬು ಹಾಕಲು ಬೇರೆಯವರ ಸಹಾಯ ಬೇಕೆ? ತೊಂಬತ್ತರ ದಶಕದ ನಡುವಿನ ಮಾತು. ಕಿರಂಗೂರಿನ ನಮ್ಮ ಮನೆಗೆ ಕರೆಂಟಿತ್ತು, ಹಿತ್ತಲ ಕೊಟ್ಟಿಗೆಗೆ ಇರಲಿಲ್ಲ. ನನ್ನ ಹೆಂಡತಿ ಜಯಮ್ಮ ಸಂಜೆ ಲಾಟೀನಿನ ಬೆಳಕಲ್ಲಿ ಹಾಲು ಕರೆಯುತ್ತಿದ್ದಳು. ಒಂದು ಭಾನುವಾರ ಹಳೇ ವೈರಿಗೆ ಹಳೇ ವೈರು ಗಂಟು ಹಾಕಿ, ಹಸು ಕಟ್ಟುವ ಕಬ್ಬಿಣದ ಕಂಬಕ್ಕೆ ಸುತ್ತಿ, ಬಲ್ಬು ನೇತುಹಾಕಿದೆ. ಗಂಟಿಗೆ ಟೇಪು ಸುತ್ತಬೇಕಿತ್ತು. ಟೇಪು ಸಿಗಲಿಲ್ಲ, ಹಳೇ ಪಂಚೆಯ ಚೂರು ಸಿಕ್ಕಿತು. ಬಲ್ಬು ಉರಿಯಿತು!

ಅಂದು ಸಂಜೆಯೇ ಕೆಂಪಿ ಒದ್ದಳು.

ಕೆಂಪಿ ನಮ್ಮ ಹಸು. ನಾಗಮಂಗಲದ ಕಡೆಯ ಜಯಮ್ಮನ ತವರಿನಿಂದ ಕರುವಾಗಿ ಬಂದವಳು, ಎಂದೂ ಕಾಲೆತ್ತಿದವಳಲ್ಲ. ಈಗ ಕೆಚ್ಚಲಿಗೆ ಕೈ ಹಾಕಿದರೆ ಕುಣಿಯುತ್ತಾಳೆ. ಅತ್ತ ಡೈರಿ ಬಾಗಿಲು ಹಾಕುವ ಹೊತ್ತು, ಇತ್ತ ಕ್ಯಾನಿನ ತಳ ಮುಚ್ಚುವಷ್ಟೂ ಹಾಲಿಲ್ಲ. ನಾನು ಮನೆಗೂ ಕೊಟ್ಟಿಗೆಗೂ ಓಡಾಡುತ್ತಾ ಗಂಟೆ ಎಷ್ಟಾಯಿತೆಂದು ಕೂಗುತ್ತಿದ್ದೆ. ನನ್ನಿಂದಾದ ಸಹಾಯ ಅದೊಂದೇ.

“ರೀ, ಅಸ ಮುಟ್ಟಿದ್ರೆ ಕೈಯೆಲ್ಲಾ ಜುಮ್ಮಂತದೆ ಕಣ್ರೀ,” ಎಂದಳು ಜಯಮ್ಮ.

“ನಿನಗೆ ರಕ್ತ ಕಮ್ಮಿ. ಬೆಲ್ಲ ತಿನ್ನು.”

ಮೂರು ದಿನ ತಿಂದಳು. ಬೆಲ್ಲ ಮುಗಿಯಿತು, ಜುಮ್ಮೆನ್ನುವುದು ಮುಗಿಯಲಿಲ್ಲ.

“ನೀವು ಬಲ್ಬು ಆಕ್ದಾಗಿಂದ ಇಂಗಾಡ್ತಾವ್ಳೆ.”

“ಬೆಳಕಿಗೆ ಹೆದರೋ ಹಸು ಸೂರ್ಯನಿಗೆ ಯಾಕೆ ಹೆದರಲ್ಲ?” ಎಂದೆ. ಅವಳು ಕ್ಯಾನು ಎತ್ತಿಕೊಂಡು ಒಳಗೆ ಹೋದಳು. ವಿಜ್ಞಾನ ಗೆದ್ದಿತು! ಆದರೂ ಅನುಮಾನ ಉಳಿಯಬಾರದೆಂದು ಕಂಬವನ್ನು ಹಿಡಿದು ಪರೀಕ್ಷಿಸಿದೆ. ಏನೂ ಆಗಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದದ್ದು ಪರೀಕ್ಷಕರ ಗಮನಕ್ಕೆ ಬರಲಿಲ್ಲ.

ವಾರ ಕಳೆಯಿತು. ಸದರಿ ಹಸುವಿನ ಗುಣ ಕೆಟ್ಟಿರುವುದರಿಂದ ಅದನ್ನು ವಿಲೇವಾರಿ ಮಾಡತಕ್ಕದ್ದು ಎಂದು ನಾನೊಬ್ಬನೇ ಸಭೆ ಸೇರಿ ತೀರ್ಮಾನಿಸಿ, ಕೆ.ಆರ್. ಪೇಟೆಯ ದನದ ದಲ್ಲಾಳಿ ಬೋರಣ್ಣನಿಗೆ, ವಾರದಿಂದ ಒದೆಯುವ ಹಸುವೊಂದಿದೆ ಎಂದು ಹೇಳಿ ಕಳಿಸಿದೆ. ಜಯಮ್ಮ ಮಾತು ಬಿಟ್ಟಳು. ಮುದ್ದೆಯನ್ನು ತಟ್ಟೆಗೆ ಹಾಕುವ ಸದ್ದಿನಲ್ಲೇ ಎಲ್ಲವನ್ನೂ ಹೇಳುತ್ತಿದ್ದಳು. ತವರಿನ ಹಸುವಿನ ಹಗ್ಗ ಕಂಡವರ ಕೈಗೆ ಕೊಟ್ಟ ಮೇಲೆ ಇವಳ ಮುಖ ಹೇಗೆ ನೋಡಲಿ ಎಂಬ ಸಂಕಟ ನನಗೂ ಇತ್ತು. ಮೇಷ್ಟ್ರಾದವನು ಅದನ್ನೆಲ್ಲ ತೋರಿಸಿಕೊಳ್ಳಬಾರದಲ್ಲ.

ಬೋರಣ್ಣ ಬಂದಾಗ ಸಂಜೆಯಾಗಿತ್ತು. ಹಿತ್ತಲಲ್ಲೇ ಕೆಂಪಿಯ ಬಾಯಿ ತೆರೆಸಿ ಹಲ್ಲು ನೋಡಿದ. “ಅಲ್ಲೆಲ್ಲಾ ಸರ್ಯಾಗವೆ. ಕರ್ದು ನೋಡ್ಬುಡವಾ.”

ಹಸುವನ್ನು ಸರಪಳಿಯಲ್ಲಿ ಕಂಬಕ್ಕೆ ಕಟ್ಟಿ, ಹೆಮ್ಮೆಯಿಂದ ಸ್ವಿಚ್ಚು ಒತ್ತಿದೆ. ಜಯಮ್ಮ ತಂಬಿಗೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಬೋರಣ್ಣ ಮೆಟ್ಟು ಕಳಚಿಟ್ಟು, ನೀರಲ್ಲಿ ಕೈ ಅದ್ದಿ, ಕೂರುವ ಮುಂಚೆ ಆಸರೆಗೆಂದು ಕಂಬ ಹಿಡಿದ.

“ಅಯ್ಯಪ್ಪಾ!”

ಆಸಾಮಿ ಹಿಂದಕ್ಕೆ ಹಾರಿದ. ಹೆಗಲ ಟವೆಲ್ಲು ವೈರಿಗೆ ಸಿಕ್ಕಿಕೊಂಡಿತು. ವೈರು ಕಿತ್ತು ಚಟಪಟ ಕಿಡಿ ಹಾರಿತು. ಬಲ್ಬು ಆರಿತು. ಹಿಂದೆಯೇ ಇಡೀ ಮನೆ ಕತ್ತಲಾಯಿತು. ಫ್ಯೂಸು ಸುಟ್ಟಿತ್ತು.

ನಾನು ಲಾಟೀನು ತರಲು ಓಡಿ, ಹುಲ್ಲಿನ ಹೊರೆ ಎಡವಿ ಬಿದ್ದೆ. ಬಿದ್ದಲ್ಲಿಂದಲೇ ಒಂದು ಸದ್ದು ಕೇಳಿಸಿತು. ಚೊರ್, ಚೊರ್. ಲಾಟೀನು ಹಚ್ಚಿ ತಂದು ನೋಡಿದರೆ ಜಯಮ್ಮ ಹಾಲು ಕರೆಯುತ್ತಿದ್ದಾಳೆ. ಕೆಂಪಿ ಮೆಲುಕು ಹಾಕುತ್ತಾ ನಿಂತಿದ್ದಾಳೆ. ತಂಬಿಗೆ ತುಂಬುತ್ತಿದೆ.

“ಕರೆಂಟು ಓಯ್ತು, ಆಲು ಬಂತು,” ಎಂದ ಬೋರಣ್ಣ ಕೈ ಉಜ್ಜಿಕೊಳ್ಳುತ್ತಾ. “ಮೇಷ್ಟ್ರೇ, ವಾರದಿಂದ ಅಸೀಗೆ ಕರೆಂಟ್ ಕೊಡ್ತಿದ್ರಾ?”

ಹಸು ಕಾಲಲ್ಲಿ ಹೇಳಿತ್ತು, ಹೆಂಡತಿ ಬಾಯಲ್ಲಿ ಹೇಳಿದ್ದಳು. ಪಾಸಾಗದೇ ಉಳಿದವನು ನಾನೊಬ್ಬ.

ಜಯಮ್ಮ ಎದ್ದು ಕೆಂಪಿಯ ಬೆನ್ನು ಸವರಿದಳು. “ಅಸ ಕೊಡಾಕಿಲ್ಲ ಬೋರಣ್ಣ. ಅಷ್ಟು ದೂರದಿಂದ ಬಂದಿದ್ದೀರಿ, ಬರಿಗೈಲಿ ಓಗೋದು ಬ್ಯಾಡ. ಇವ್ರುನ್ನ ಒಡ್ಕೊಂಡೋಗಿ.”

ಬೋರಣ್ಣ ನನ್ನ ಕೈಯಿಂದ ಲಾಟೀನು ತೆಗೆದುಕೊಂಡು ಮುಖದ ಹತ್ತಿರ ಹಿಡಿದ. “ಬಾಯಿ ತಗೀರಿ ಮೇಷ್ಟ್ರೇ.”

ಏನೂ ತೋಚದೆ ತೆರೆದೆ. ಅವನು ಹಲ್ಲುಗಳನ್ನು ನಿಧಾನವಾಗಿ ನೋಡಿ, ಲಾಟೀನು ಕೆಳಗಿಟ್ಟು, ಮೆಟ್ಟು ಹಾಕಿಕೊಂಡ.

“ಬ್ಯಾಡ ಕಣವ್ವ. ಇದು ಸಂತೇಲಿ ಓಗಾಕಿಲ್ಲ. ನೀವೇ ಮಡೀಕಳಿ.”