ನಾನು ಸತ್ತದ್ದು ಮೊದಲನೇ ಭಾಗದಲ್ಲಿ

ಮದುವೆ ವಿಡಿಯೋ ತೆಗೆಯುವವನ ಬಾಳಿನಲ್ಲಿ ಗೊಂದಲಕ್ಕೆ ಬರವಿಲ್ಲ. ವರನೆಂದು ತಿಳಿದು ವರನ ಅಣ್ಣನನ್ನೇ ಅರ್ಧ ಗಂಟೆ ತೆಗೆದಿದ್ದೇನೆ. ಬೇರೆಯವರ ಮದುವೆಗೆ ಹೊಕ್ಕು ಊಟವನ್ನೂ ಮುಗಿಸಿ ಬಂದಿದ್ದೇನೆ. ಆದರೆ ನಾನು ಬದುಕಿದ್ದೇನೋ ಇಲ್ಲವೋ ಎಂಬುದರ ಬಗ್ಗೆಯೇ ಬೆಳಗಾವಿಯಲ್ಲಿ ಎರಡು ಅಭಿಪ್ರಾಯ ಹುಟ್ಟಿದ್ದು ಆ ದೆವ್ವದ ಸಿನಿಮಾಗಳಿಂದ. ಎರಡು ಭಾಗ ಮುಗಿದರೂ ನನಗೆ ಪೂರ್ತಿ ತಿಳಿದಿಲ್ಲ. ತಿಳಿದಷ್ಟು ಹೇಳುತ್ತೇನೆ.

೧. ಸಿಕ್ಕ ಕ್ಯಾಮೆರಾ

ಆಟೋ ನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರೊಬ್ಬರಿಗೆ ಸಿನಿಮಾದ ಹುಚ್ಚು. ಅವರ ತಂಗಿಯ ಮದುವೆಗೆ ನಾನೇ ವಿಡಿಯೋ ತೆಗೆದಿದ್ದೆ. ಆ ಪರಿಚಯದ ಮೇಲೆ ಒಂದು ದಿನ ನನ್ನ ಸ್ಟುಡಿಯೋಕ್ಕೆ ಬಂದು ಕಥೆ ಹೇಳಿದರು.

“ನಾಕ ಮಂದಿ ಒಂದು ಹಾಳ ಬಿದ್ದ ಕಾರ್ಖಾನಿ ಒಳಗ ಹೋಗ್ತಾರ್ರಿ. ಎಲ್ಲಾರೂ ಸಾಯ್ತಾರ. ಅವರ ಕ್ಯಾಮೆರಾ ಅಷ್ಟ ಸಿಗತೈತಿ. ಅದರಾಗ ಏನ ಐತಿ, ಅದ ಸಿನಿಮಾ.”

“ಸಿಕ್ಕ ಕ್ಯಾಮೆರಾ ಪೊಲೀಸರಿಗೆ ಕೊಡಬೇಕಲ್ರಿ?”

“ಕೊಟ್ರ ಸಿನಿಮಾ ಎಲ್ಲಿಂದ ಬರತೈತಿ? ನೀವು ಸುಮ್ನ ಕ್ಯಾಮೆರಾ ಹಿಡೀರಿ. ಸಾಯೂದೂ ನೀವ.”

ಖಾನಾಪುರದ ಬಾಜು ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯಲ್ಲಿ ಶೂಟಿಂಗ್. ಹಗಲು ಹೊತ್ತೇ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಲಾರಿ ಬಾಡಿಯವರೇ ನಿರ್ದೇಶಕರು. ದೆವ್ವದ ಪಾತ್ರಕ್ಕೆ ಬೀಡಿ ಎಂಬ ಹಳ್ಳಿಯಿಂದ ತಮ್ಮ ದೂರದ ಸಂಬಂಧದ ಅಕ್ಕಾರನ್ನು ಕರೆಸಿದ್ದರು. ಅಂಗನವಾಡಿಯಿಂದ ನಿವೃತ್ತರಾದವರು, ಬಹಳ ಮೃದು. ದೆವ್ವದ ಬಿಳಿ ಸೀರೆ ಉಟ್ಟುಕೊಂಡೇ ನಮಗೆಲ್ಲ ಚಹಾ ಸೋಸಿಕೊಟ್ಟರು.

ಕೊನೆಯ ದೃಶ್ಯ. ಅಕ್ಕಾರು ಕೂದಲು ಬಿಟ್ಟುಕೊಂಡು ಕತ್ತಲೆಯಿಂದ ನನ್ನತ್ತ ನಡೆದು ಬಂದರು. ಐದು ನಿಮಿಷದ ಹಿಂದೆ ಅವರ ಕೈಯ ಚಹಾ ಕುಡಿದವನು ನಾನು, ಆದರೂ ಎರಡು ಹೆಜ್ಜೆ ಹಿಂದೆ ಸರಿದೆ. ಏನು ಮಾಡಬೇಕೆಂದು ತೋಚದೆ ಇಪ್ಪತ್ತು ವರ್ಷದ ರೂಢಿಯ ಮಾತು ಬಾಯಿಗೆ ಬಂತು: “ಅಕ್ಕಾರ, ಸ್ವಲ್ಪ ಈ ಕಡೆ ನೋಡ್ರಿ... ಹಾಂ, ಸ್ವಲ್ಪ ನಗ್ರಿ.”

ಹಿರಿಯರು, ಪಾಪ, ಹೇಳಿದ್ದಕ್ಕೆ ನಕ್ಕರು. ನನ್ನ ಕೈಯಿಂದ ಕ್ಯಾಮೆರಾ ಬಿತ್ತು.

ನಿರ್ದೇಶಕರು ಅದನ್ನೇ ಇಟ್ಟುಕೊಂಡು ಕೆಳಗೆ ಬರೆಸಿದರು: ‘ಈ ಕ್ಯಾಮೆರಾ ಸಿಕ್ಕದ್ದು, ಅದನ್ನು ಹಿಡಿದವರ ಹೆಣದ ಪಕ್ಕದಲ್ಲಿ.’ ಆ ನಗು ಕಂಡು ಥಿಯೇಟರಿನಲ್ಲಿ ಒಬ್ಬರು ಮುಂದಿನ ಸೀಟಿನವರ ಕೊರಳು ತಬ್ಬಿಕೊಂಡರಂತೆ. ಮುಂದಿನವರು ಇಡೀ ಸಿನಿಮಾದಲ್ಲಿ ಹೆದರಿದ್ದು ಅದಕ್ಕೊಂದಕ್ಕೇ ಅಂತೆ.

೨. ಬುತ್ತಿ

ಸಿನಿಮಾ ಬಂದ ಎರಡನೇ ವಾರ, ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದರು. ಬನಿಯನ್ನಿನಲ್ಲೇ ಹೋಗಿ ತೆಗೆದೆ. ಸಾಂಬ್ರಾ ಊರಿನ ಯಜಮಾನರೊಬ್ಬರು ಮತ್ತು ಅವರ ಹೆಂಡತಿ. ಅವರ ಮಗಳ ಮದುವೆಯಲ್ಲಿ ನಾನು ಮೂರು ದಿನ ಅವರ ಮನೆಯಲ್ಲೇ ಬಿದ್ದಿದ್ದೆ. ಸಿನಿಮಾದಲ್ಲಿ ನನ್ನ ದನಿ ಗುರುತಿಸಿ, ನಾನು ನಿಜವಾಗಿಯೂ ಸತ್ತೆನೆಂದು ಬಂದಿದ್ದರು, ಕೈಯಲ್ಲಿ ಬುತ್ತಿಯ ಗಂಟು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಮಾತಾಡಿಸಲು ಬರುವವರು ರೊಟ್ಟಿ ಪಲ್ಯ ತರುತ್ತಾರೆ.

ಯಜಮಾನರು ನನ್ನ ಭುಜ ಹಿಡಿದು, “ತಮ್ಮಾ, ನೀ ಅವರ ತಮ್ಮ ಏನಪಾ? ಅಣ್ಣನ ದನಿಯ ಐತಿ ನೋಡು,” ಎಂದು ಕಣ್ಣೊರೆಸಿಕೊಂಡರು.

“ನಾನ ರೀ ಅಂವಾ!”

“ಹಂಗ ಅನಸತೈತಿ ತಮ್ಮಾ. ದುಃಖ ಆದಾಗ ಹಂಗ ಅನಸತೈತಿ.”

ತಪ್ಪು ಅವರದಲ್ಲ. ಮೂರು ದಿನವೂ ನನ್ನ ಮುಖದ ಮೇಲೆ ಕ್ಯಾಮೆರಾ ಇತ್ತು. ನನ್ನನ್ನು ಅವರು ನೋಡಿದ್ದು ಗದ್ದದಿಂದ ಕೆಳಗೆ ಮಾತ್ರ. ಹೆಂಡತಿ ಒಳಗಿನಿಂದ ಬಂದು ಹೇಳಿದರೂ ನಂಬಲಿಲ್ಲ. ಅವಳ ಕೊರಳಲ್ಲಿ ತಾಳಿ ಇದ್ದದ್ದನ್ನು ನೋಡಿ, “ಪಾಪ, ಇನ್ನಾ ಆಕಿಗೆ ಹೇಳೇ ಇಲ್ಲ,” ಎಂದು ತಮ್ಮ ತಮ್ಮಲ್ಲೇ ಪಿಸುಗುಟ್ಟಿದರು.

ಕಡೆಗೆ ಒಳಗೆ ಹೋಗಿ ಕ್ಯಾಮೆರಾ ತಂದೆ. ಮುಖಕ್ಕೆ ಹಿಡಿದು, “ಅವ್ವಾರ, ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ,” ಎಂದೆ. ಆ ತಾಯಿ ತಟ್ಟನೆ ಸೆರಗು ಸರಿಮಾಡಿಕೊಂಡು, ಗಂಡನ ಬಾಜು ಸರಿದು ನಿಂತು ನಕ್ಕರು. ನಕ್ಕ ಮೇಲೆ, “ಅಯ್ಯ, ಅವರ ಅದಾರಲ್ರಿ ಇವರು!” ಎಂದು ಕಿರುಚಿದರು.

ಬಹಳ ಸಂತೋಷಪಟ್ಟರು. ಆದರೆ ಬದುಕಿದವರ ಮನೆಯಲ್ಲಿ ಸಾವಿನ ಬುತ್ತಿ ಬಿಚ್ಚಬಾರದೆಂದು ಗಂಟನ್ನು ವಾಪಸು ಒಯ್ದರು. ಕಡಲೆಹಿಟ್ಟಿನ ಜುಣಕದ ವಾಸನೆ ಬಂದಿತ್ತು. ಅದು ಕೈತಪ್ಪಿದ್ದಕ್ಕೆ ನನ್ನ ಹೆಂಡತಿ ಸಂಜೆಯವರೆಗೂ ನನ್ನ ಮೇಲೆ ಮುನಿಸಿಕೊಂಡಿದ್ದಳು.

೩. ಕ್ಯಾಮೆರಾದ ಸೂತಕ

ಇದನ್ನು ಹೇಳಿಕೊಂಡು ಊರೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಮದುವೆ ಹಂಗಾಮಿಗೆ ಹೇಳಿಟ್ಟಿದ್ದವರು ಒಬ್ಬೊಬ್ಬರೇ ಬೇಡವೆನ್ನತೊಡಗಿದರು. ಕೊನೆಗೆ ಉಳಿದದ್ದು ಖಾನಾಪುರದ ಒಂದೇ ಮದುವೆ, ಅದೂ ಹಂಗಾಮಿನ ಕೊನೆಗೆ. ವರನ ತಾಯಿಯೇ ಫೋನ್ ಮಾಡಿದರು.

“ಶುಭ ಕಾರ್ಯಕ್ಕ ನೀವು ಬ್ಯಾಡ್ರಿ.”

“ನಾನು ಜೀವಂತ ಅದೀನಲ್ರಿ ಬಾಯಾರ, ನಿಮ್ಮ ಕೂಡ ಮಾತಾಡಾಕತ್ತೀನಿ!”

“ನೀವ ಅದೀರಿ, ಖರೇ. ಆದ್ರ ಕ್ಯಾಮೆರಾ ಹೆಣದ ಬಾಜು ಸಿಕ್ಕದ್ದಲ್ರಿ?”

“ಆ ಹೆಣಾನೂ ನಾನ ರೀ!”

“ಮತ್ತ? ನಾ ಹೇಳಿದ್ದೂ ಅದನ್ನ,” ಎಂದು ಇಟ್ಟುಬಿಟ್ಟರು.

ನನಗೆ ನಿಜವಾಗಿ ಹೆದರಿಕೆಯಾಯಿತು. ಇಪ್ಪತ್ತು ವರ್ಷ ಇದೊಂದೇ ಕೆಲಸ ಮಾಡಿದವನು, ಬೇರೇನೂ ಬಾರದು. ಆಟೋ ನಗರಕ್ಕೆ ಹೋಗಿ ನಿರ್ದೇಶಕರ ಮೇಲೆ ಕೂಗಾಡಿದೆ. ಅವರು ಸಮಾಧಾನವಾಗಿ, “ಎರಡನೇ ಭಾಗ ಮಾಡೂಣು ತಗೋರಿ. ಅದರಾಗ ನಿಮ್ಮನ್ನ ಬದುಕಸ್ತೀನಿ,” ಎಂದರು. ನನ್ನ ಜೀವ ಲಾರಿ ಬಾಡಿಯವರ ಕೈಗೆ ಹೋಗಿತ್ತು.

೪. ಹಾರಿಸಿದವರು ಯಾರು

ಎರಡನೇ ಭಾಗದಲ್ಲಿ ಎಲ್ಲವೂ ಸುಧಾರಿಸಿತ್ತು, ಅದೇ ತೊಂದರೆಯಾಯಿತು. ನಾನು ನಟನಾಗಿ ಕ್ಯಾಮೆರಾದ ಮುಂದೆ ಬಂದೆ. ಹಿಂದೆ ನಿಲ್ಲಲು ಹೊಸ ಹುಡುಗರು ಬಂದರು. ಅವರ ಕ್ಯಾಮೆರಾ ಓಡಿದರೂ ಅಲುಗುವುದಿಲ್ಲ, ಮೇಲೊಂದು ಡ್ರೋನ್, ಹಿನ್ನೆಲೆಗೆ ಪಿಟೀಲು ಬೇರೆ. ಅಕ್ಕಾರ ಮುಖಕ್ಕೆ ಎರಡು ತಾಸು ಬಣ್ಣ ಮೆತ್ತಿ, ನಗಬೇಡಿ, ಸಿಟ್ಟು ಮಾಡಿ ಎಂದರು. ಅಕ್ಕಾರು, “ನನ್ನ ಸಿಟ್ಟಿಗೆ ಅಂಗನವಾಡಿ ಹುಡುಗೂರ ಅಂಜತಿದ್ದಿಲ್ಲ, ಬೆಳಗಾವಿ ಮಂದಿ ಅಂಜತಾರೇನಪಾ?” ಎಂದರು. ಕೇಳುವವರಿರಲಿಲ್ಲ.

ಮೊದಲ ದಿನದ ಆಟಕ್ಕೆ ಹೋಗಿ ಹಿಂದೆ ಕುಳಿತೆ. ಒಬ್ಬರೂ ಹೆದರಲಿಲ್ಲ. ಮೊದಲನೆಯದರಲ್ಲಿ ಏನೂ ಕಾಣದೆ ಹೆದರಿದ್ದವರು ಇದರಲ್ಲಿ ಎಲ್ಲ ಕಂಡು ಪ್ರಶ್ನೆ ಕೇಳತೊಡಗಿದರು. ನನ್ನ ಮುಂದೆ ಅಪ್ಪ, ಮಗ.

“ಇದೂ ಸತ್ತವರ ಕ್ಯಾಮೆರಾನ ಏನೋ?”

“ಹೌದಪಾ.”

“ಎಲ್ಲಾರೂ ಒಳಗ ಸಾಯಾಕತ್ತಾರ. ಮತ್ತ ಮ್ಯಾಲಿಂದ ಡ್ರೋನ್ ಯಾರ ಹಾರಸಾಕತ್ತಾರ?”

“ಗೊತ್ತಿಲ್ಲಪಾ.”

“ಪಿಟೀಲು ಯಾರ ಬಾರಸಾಕತ್ತಾರ?”

ಮಗ ಶೇಂಗಾದ ಪೊಟ್ಟಣ ಮುಂದೆ ಹಿಡಿದ. ಅಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡು, “ಅಂವಾನ ಎಲ್ಲಾರನ್ನೂ ಕೊಂದಿರಬೇಕು,” ಎಂದರು.

ಸಿನಿಮಾ ನಾಲ್ಕು ದಿನಕ್ಕೆ ಮುಗಿಯಿತು. ಕೆಟ್ಟದಾಗಿ ತೆಗೆದದ್ದು ಯಾಕೆ ಓಡಿತು, ಚೆನ್ನಾಗಿ ತೆಗೆದದ್ದು ಯಾಕೆ ಬಿತ್ತು ಎಂದು ನಿರ್ದೇಶಕರು ಇನ್ನೂ ಕೇಳುತ್ತಿರುತ್ತಾರೆ. ನನಗೇನು ಗೊತ್ತು? ಕೊನೆಯ ದೃಶ್ಯದಲ್ಲಿ ನಾನು ಬದುಕಿ ಹೊರಗೆ ಬಂದದ್ದನ್ನು ನೋಡಲು ಥಿಯೇಟರಿನಲ್ಲಿ ಉಳಿದವರು ಹದಿಮೂರು ಮಂದಿ. ದೇವರ ದಯೆ, ಅವರಲ್ಲಿ ಖಾನಾಪುರದ ವರನ ತಾಯಿಯೂ ಇದ್ದರು.

೫. ಮೂರನೇ ಭಾಗ

ಮರುದಿನವೇ ಫೋನ್. “ಬದುಕಿ ಬಂದದ್ದು ಕಣ್ಣಾರೆ ನೋಡೇನ್ರಿ. ಮದುವಿಗೆ ಬರ್ರಿ. ಆದ್ರ ಡ್ರೋನ್ ಬ್ಯಾಡ, ಮೊದಲನೇದ್ದರಾಗಿನಂಗ ಕೈಯಾಗ ಹಿಡದ ತಗೀರಿ. ಒಂದ ಸಲ ಯಡವಟ್ಟ ಆದ್ರ ನಮ್ಮ ಬಳಗದಾಗ ಮತ್ತ ಯಾರೂ ನಿಮ್ಮನ್ನ ಕರಿಯಂಗಿಲ್ಲ.”

ಕೈಮುಗಿದು ಹೋದೆ. ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಎಲ್ಲ ಸುಸೂತ್ರ. ಆಮೇಲೆ ಎಂದಿನಂತೆ ಇಡೀ ಬಳಗ ಫೋಟೋಕ್ಕೆಂದು ವೇದಿಕೆ ಹತ್ತಿತು. ಒಮ್ಮೆ ಹತ್ತಿದವರನ್ನು ಇಳಿಸುವುದು ಯಾರಿಂದಲೂ ಆಗದು. ಊಟ ಆರುತ್ತಿತ್ತು. ಅಡುಗೆಯವರು ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

ನಾನು ಕ್ಯಾಮೆರಾ ಏರಿಸಿದೆ. ಮೂಲೆಯಲ್ಲಿ ಬಿಳಿ ಸೀರೆಯ ಹಿರಿಯರೊಬ್ಬರು ಬೇರೆ ಕಡೆ ನೋಡುತ್ತಿದ್ದರು. ಕಣ್ಣು ಕ್ಯಾಮೆರಾದೊಳಗೆ, ಬಾಯಿ ರೂಢಿಯಲ್ಲಿ: “ಅಕ್ಕಾರ, ಸ್ವಲ್ಪ ಈ ಕಡೆ ನೋಡ್ರಿ... ಹಾಂ, ಸ್ವಲ್ಪ ನಗ್ರಿ.”

ತಿರುಗಿದರು. ಬೀಡಿಯ ಅಕ್ಕಾರು! ವಧುವಿಗೆ ಏನೋ ಸಂಬಂಧವಂತೆ. ಪರಿಚಯದ ದನಿ ಕೇಳಿ ಖುಷಿಯಾಗಿ, ಬಾಯಿ ತುಂಬ ನಕ್ಕರು.

ವೇದಿಕೆಯ ಮೇಲೆ ಯಾರೋ “ಅವ್ವಾ, ಅದ ನಗಿ!” ಎಂದರು. ಮುಂದೆ ನನಗೆ ಕಂಡದ್ದು ಬರೀ ಬೆನ್ನುಗಳು. ಸೋದರಮಾವ ಮೆಟ್ಟಿಲು ಬಿಟ್ಟು ಜಿಗಿದರು. ವರ ಬಾಸಿಂಗ ಹಿಡಿದುಕೊಂಡು ಕುರ್ಚಿಯ ಹಿಂದೆ ಕುಳಿತ. ವಧು ಒಬ್ಬಳೇ ನಿಂತು, “ಅಯ್ಯ, ನಮ್ಮ ದೊಡ್ಡವ್ವರೀ!” ಎಂದು ಅವನಿಗೆ ಹೇಳುತ್ತಿದ್ದಳು.

ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಈ ಸಲ ಯಾವ ಭಾಗದಲ್ಲೂ ಬದುಕುವುದಿಲ್ಲ. ವರನ ತಾಯಿ ದಾಪುಗಾಲು ಹಾಕುತ್ತ ಬಂದರು. ನಾನು ಕ್ಯಾಮೆರಾ ಕೆಳಗಿಟ್ಟು ತಲೆ ತಗ್ಗಿಸಿದೆ.

ಅವರು ಖಾಲಿ ವೇದಿಕೆ ನೋಡಿದರು. ತಿರುಗಿ ಊಟದ ಹಾಲ್ ನೋಡಿದರು. ಓಡಿದವರೆಲ್ಲ ಅಲ್ಲೇ ಹೊಕ್ಕು, ಎಲೆಗಳ ಮುಂದೆ ಸಾಲಾಗಿ ಕುಳಿತಿದ್ದರು. ಅಡುಗೆಯವರು ಬಡಿಸಲು ಶುರುಮಾಡಿದ್ದರು.

“ಹುಟ್ಟಿದಾಗಿಂದ ನೋಡೇನ್ರಿ,” ಎಂದರು ಆ ತಾಯಿ. “ನಮ್ಮ ಮನಿತನದಾಗ ಮದುವಿ ಊಟ ಬಿಸಿ ಇದ್ದಾಗ ಕುಂತದ್ದು ಇದ ಮೊದಲ. ಇನ್ನ ಇಬ್ಬರು ಮಕ್ಕಳ ಮದುವಿ ಐತಿ, ಅವಕ್ಕೂ ನೀವ ಬರಬೇಕು.” ಒಂದು ಹೆಜ್ಜೆ ಹೋದವರು ಮತ್ತೆ ತಿರುಗಿದರು. “ಬರೂಮುಂದ ಆ ಅಕ್ಕಾರನ್ನ ಮರೀಬ್ಯಾಡ್ರಿ.”