ಡಾಕ್ಟರನ ಗಡಿಯಾರದಲ್ಲಿ ಆರು ಗಂಟೆ

ಇದನ್ನು ಬರೆಯಲೆಂದು ಕುಳಿತದ್ದು ಇದು ಎಷ್ಟನೆಯ ಸಲವೋ ಲೆಕ್ಕವಿಲ್ಲ. ಒಮ್ಮೆ ಕಣ್ಣಿಗೆ ಪೊರೆ ಬಂತೆಂದು ಬಿಟ್ಟೆ. ಪೊರೆ ತೆಗೆಸಿದ ಮೇಲೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆಂದು ಬಿಟ್ಟೆ. ನೆಪ ಹುಡುಕಲು ಮ್ಯಾಟ್ರಿಕ್ ವಿದ್ಯೆ ಧಾರಾಳವಾಗಿ ಸಾಕು. ಇವತ್ತು ನೆಪಗಳು ತೀರಿವೆ. ಆದ್ದರಿಂದ ಹೇಳಿಬಿಡುತ್ತೇನೆ: ಉದಗೀರದ ನಮ್ಮ ಮನೆಯ ಮಾಳಿಗೆಯ ಖೋಲಿಯಲ್ಲಿ ಒಬ್ಬ ಮನುಷ್ಯನಿದ್ದ, ಅವನು ನಮ್ಮೆಲ್ಲರಿಗಿಂತ ಏಳೆಂಟು ವರ್ಷ ಹಿಂದೆ ಬದುಕುತ್ತಿದ್ದ.

ಸುಳ್ಳಲ್ಲ. ಅವನು ಇಥಿಯೋಪಿಯಾ ದೇಶದವನು. ಅಲ್ಲಿ ದನದ ಡಾಕ್ಟರಾಗಿದ್ದವನನ್ನು ಅಲ್ಲಿಯ ಸರಕಾರ, ಇನ್ನಷ್ಟು ಕಲಿತು ಬಾ ಎಂದು ಎರಡು ವರ್ಷಕ್ಕೆ ನಮ್ಮೂರ ಕಾಲೇಜಿಗೆ ಕಳಿಸಿತ್ತು. ಪರದೇಶಕ್ಕೆ ಓದಲು ಹೋಗುವವರು ಲಂಡನ್ನಿಗೆ ಹೋಗುತ್ತಾರೆಂದು ಕೇಳಿದ್ದೆ. ಉದಗೀರಕ್ಕೆ ಬಂದವನನ್ನು ನೋಡಿದ್ದು ಅದೇ ಮೊದಲು. ಅದೂ ಎಂಥ ಕಾಲದಲ್ಲಿ? ಎರಡನೆಯ ವರ್ಷವೂ ಮಳೆ ಕೈಕೊಟ್ಟು, ಎಂಟು ದಿನಕ್ಕೊಮ್ಮೆ ಓಣಿಗೆ ಟ್ಯಾಂಕರ್ ಬರುತ್ತಿದ್ದ ಕಾಲದಲ್ಲಿ.

ಖೋಲಿಗಾಗಿ ಅವನು ನಾಲ್ಕು ತಿಂಗಳು ಊರೆಲ್ಲ ಅಲೆದಿದ್ದ. ಅವನ ಮೈಬಣ್ಣ ನೋಡಿದ ಕೂಡಲೇ ಮನೆ ಮಾಲಕರಿಗೆ ಮಗಳ ಮದುವೆ, ಅತ್ತೆಯ ಕಾಯಿಲೆ, ಸೋರುವ ಮಾಳಿಗೆ ನೆನಪಾಗುತ್ತಿದ್ದವು. ಮಳೆಯೇ ಇಲ್ಲದ ವರ್ಷದಲ್ಲಿ ಮಾಳಿಗೆ ಸೋರುವುದೆಂದರೇನು? ನಾನು ಖೋಲಿ ಕೊಟ್ಟೆ. ನನ್ನದೇನು ದೊಡ್ಡ ಮನಸ್ಸಲ್ಲ. ಪರದೇಶದ ಡಾಕ್ಟರ್ ನಮ್ಮ ಮನೆಯಲ್ಲಿದ್ದಾನೆ ಎಂದು ಮೋಂಢಾ ಪೇಟೆಯ ನನ್ನ ಕಾಳಿನ ಅಂಗಡಿಯಲ್ಲಿ ಹೇಳಿಕೊಳ್ಳುವ ಆಸೆ, ಅಷ್ಟೇ.

ಮೊದಲ ದಿನ ಊಟಕ್ಕೆ ಕರೆದೆವು. ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟವನು ಕಣ್ಣು ಮುಚ್ಚಿ ಕುಳಿತುಬಿಟ್ಟ. ಆಮೇಲೆ ಇಂಗ್ಲಿಷಿನಲ್ಲಿ, ಈ ಜೋಳ ಮೊದಲು ಹುಟ್ಟಿದ್ದೇ ತಮ್ಮ ಕಡೆ, ಅಲ್ಲಿಂದ ನಿಮ್ಮಲ್ಲಿಗೆ ಬಂತು ಎಂದ. ಮೂರು ತಲೆಮಾರಿನಿಂದ ಜೋಳ ಮಾರುವ ನನ್ನ ಎದುರಿಗೆ! ನಮ್ಮಾಕಿಗೆ, ನನ್ನ ಹೆಂಡತಿಗೆ, ತಿಳಿಸಿ ಹೇಳಿದೆ. ಆಕೆ ಇನ್ನೊಂದು ರೊಟ್ಟಿ ಅವನ ತಟ್ಟೆಗೆ ಹಾಕಿ, "ಹಂಗಾದ್ರ ತಮ್ಮಾ, ನಿನ್ನ ಮನೀದೇ ಉಣ್ಲತ್ತೀ. ನಾಚಬ್ಯಾಡ" ಎಂದಳು.

ಉಂಡ ಮೇಲೆ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೇ ಕುಡಿಯುವುದು ನಮ್ಮ ಲಿಂಗವಂತರ ಹಿರಿಯರ ಪದ್ಧತಿ. ಪ್ರಸಾದ ಚೆಲ್ಲಬಾರದು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನೇ ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಮ್ಮಾಕಿ ಮಾಡುವುದನ್ನು ಅವನು ಒಮ್ಮೆ ನೋಡಿದ, ಮರುದಿನದಿಂದ ಒಂದು ದಿನವೂ ತಪ್ಪಿಸಲಿಲ್ಲ. "ಅಂವಗ ಭಕ್ತಿ ಅದ, ನಿಮಗ ಬರೇ ದಾರ ಅದ" ಎಂದು ಆಕೆ ನನ್ನನ್ನು ಚುಚ್ಚಿದಳು.

ಕಾಫಿಯ ಕಥೆ ಬೇರೆ. ರವಿವಾರ ಮಾಳಿಗೆಯ ಮೇಲೆ ಹಸಿ ಕಾಫಿಬೀಜ ಹುರಿದು, ಕುಟ್ಟಿ, ಕುದಿಸಿ, ಅದೇ ಪುಡಿಗೆ ಮತ್ತೆ ನೀರು ಹಾಕಿ ಮೂರು ಸಲ ಕುಡಿಯಬೇಕಂತೆ. ಮೊದಲ ರವಿವಾರ ಹೊಗೆ ನೋಡಿ ಯಾರೋ ಕೂಗಿದರು. ಇಡೀ ಓಣಿ ಕೊಡ ಹಿಡಿದು ಓಡಿ ಬಂತು. ಎಲ್ಲ ಕೊಡಗಳೂ ಖಾಲಿ. ಅವರು ಬೆಂಕಿ ಆರಿಸಲು ಬಂದಿರಲಿಲ್ಲ. ಕೂಗು ಕೇಳಿ, ಟ್ಯಾಂಕರ್ ಬಂತೆಂದು ತಿಳಿದಿದ್ದರು.

ಆರು ತಿಂಗಳಲ್ಲಿ ಅವನು ಮಾತು ಕಲಿತ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಎರಡನ್ನೂ ಒಂದೇ ಭಾಷೆಯೆಂದು ತಿಳಿದು ಕಲಿತ. ನಾವೂ ಹಾಗೆಯೇ ಕಲಿತವರು. ಆಗ ತಿಳಿಯಿತು, ಅವರ ದೇಶದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಅವರ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ.

"ಅಲ್ಲಿ ಈಗ ಯಾವ ವರ್ಷ ನಡದದ?" ಎಂದು ನಮ್ಮಾಕಿ ಕೇಳಿದಳು. ಹೇಳಿದ. ಆಕೆ ಬೆರಳು ಮಡಚಿ ನೆನಪು ಮಾಡಿಕೊಂಡು, "ಆ ವರ್ಷ ನಮ್ಮಲ್ಲಿ ಮಳಿ ಛಲೋ ಆಗಿತ್ತು. ನಮಗೂ ಎರಡ ತಿಕೀಟ ತಗಸಪಾ" ಎಂದಳು.

ಗಡಿಯಾರವೂ ಹಾಗೆಯೇ. ಅವರಲ್ಲಿ ತಾಸಿನ ಎಣಿಕೆ ಸೂರ್ಯ ಹುಟ್ಟಿದಾಗ ಸುರುವಾಗುತ್ತದೆ. ನಮ್ಮ ಏಳು ಅವರಿಗೆ ಒಂದು. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ತನ್ನ ದೇಶದಲ್ಲಿ ಬಿಟ್ಟುಬಂದ ಮಗಳ ನೆನಪಿಗೆಂದು ಅವನು ಕೈಗಡಿಯಾರವನ್ನು ಆ ಲೆಕ್ಕಕ್ಕೇ ಇಟ್ಟುಕೊಂಡಿದ್ದ. ಕಾಲೇಜಿಗಾಗಲಿ ಊಟಕ್ಕಾಗಲಿ ಒಂದು ದಿನವೂ ತಪ್ಪಿದವನಲ್ಲ. ಆದರೆ ನಾನು ಮೋಂಢಾದಲ್ಲಿ ಹೇಳಿದ್ದೇನು? ಹನ್ನೊಂದಕ್ಕೆ ಊಟಕ್ಕೆ ಕರೆದರೆ ಸಂಜೆ ಐದಕ್ಕೆ ಕೈತೊಳೆದುಕೊಂಡು ಬಂದ ಎಂದು. ಅದು ನಡೆದದ್ದೇ ಅಲ್ಲ, ನಾನು ಕಟ್ಟಿದ್ದು. ಅದನ್ನು ನಿಲಂಗಾದ ಮದುವೆಯಲ್ಲಿ ಹೇಳಿದೆ, ಉಮರ್ಗಾದ ಬೀಗರ ಪಡಸಾಲೆಯಲ್ಲಿ ಹೇಳಿದೆ. ಎಲ್ಲ ಕಡೆ ಹೊಟ್ಟೆ ಹಿಡಿದು ನಕ್ಕರು. ನಗಿಸುವವನಿಗೆ ಅದಕ್ಕಿಂತ ಇನ್ನೇನು ಬೇಕು?

ಆ ಬೇಸಿಗೆಯಲ್ಲಿ ನಮ್ಮ ಓಣಿಯ ಹದಿನಾಲ್ಕು ಮನೆಗೆ ಕೂಡಿ ಒಂದೇ ನೀರಿನ ಟಾಕಿ. ಅದು ನಮ್ಮ ಕಟ್ಟೆಯ ಮೇಲಿತ್ತು, ಅದರ ಕೀಲಿ ನನ್ನ ಹತ್ತಿರ. ದಿನಾ ಬೆಳಿಗ್ಗೆ ಆರಕ್ಕೆ ನಳ ತೆರೆಯಬೇಕು, ಮನೆಗೆ ನಾಲ್ಕು ಕೊಡ. ನಾನು ಲಿಂಗಪೂಜೆಗೆ ಕುಳಿತಿದ್ದರೆ ಕೀಲಿ ಇಸಿದುಕೊಂಡು ಡಾಕ್ಟರನೇ ತೆರೆಯುತ್ತಿದ್ದ.

ಟ್ಯಾಂಕರ್ ಬಂದುಹೋದ ಮರುದಿನ, ಮಧ್ಯಾಹ್ನ. ಓಣಿಯ ಬಾಗಿಲುಗಳೆಲ್ಲ ಬಿಸಿಲಿಗೆ ಮುಚ್ಚಿದ್ದವು. ಮರುದಿನ ನನ್ನ ಮಗಳು ಮಕ್ಕಳನ್ನು ಕರೆದುಕೊಂಡು ಬರುವವಳಿದ್ದಳು. ನಾನು ಟಾಕಿಗೆ ಪೈಪು ಹಚ್ಚಿ, ಅದನ್ನು ಅಂಗಳದ ನಮ್ಮ ಎರಡು ಪಿಪಾಯಿಗಳಿಗೆ ಬಿಟ್ಟೆ. ಹೌದು, ಕದ್ದೆ. ಪಿಪಾಯಿ ತುಂಬುವಷ್ಟರಲ್ಲಿ ಕಣ್ಣಿಗೆ ಜೋಂಪು ಹತ್ತಿತು.

ಎಚ್ಚರಾದಾಗ ಟಾಕಿ ಮುಕ್ಕಾಲು ಪಾಲು ಗಟಾರಕ್ಕೆ ಹರಿದಿತ್ತು. ಕಾಲೇಜಿನಿಂದ ಆಗ ತಾನೇ ಬಂದ ಡಾಕ್ಟರ್ ಮೊಣಕಾಲತನಕ ತೊಯ್ದುಕೊಂಡು ನಳ ಬಂದ್ ಮಾಡುತ್ತಿದ್ದ. ನಾನು ಮೊದಲು ಮಾಡಿದ ಕೆಲಸ ಪೈಪನ್ನು ಸುತ್ತಿ ಒಳಗೆ ಎಳೆದದ್ದು. ಅವನು ನೋಡಿದ.

ನೀರಿನ ಸದ್ದಿಗೆ ಬಾಗಿಲುಗಳು ತೆರೆದವು.  ಹಸಿ ಗಟಾರವನ್ನು ನೋಡುತ್ತ ನಿಂತರು. ಒಬ್ಬ ಹೆಂಗಸು ಕುಳಿತು ಕೊಡದ ಬಾಯಿಯಿಂದ ಗಟಾರದ ನೀರು ಗೋರಲು ನೋಡಿದಳು. ಅವಳ ಮನೆಯಲ್ಲಿ ಬಾಣಂತಿ ಇದ್ದಳು. ಇನ್ನು ಟ್ಯಾಂಕರ್ ಬರುವುದು ಏಳು ದಿನಕ್ಕೆ.

ಎದುರು ಮನೆಯ ಹಳೆಯ ಶಾಲಾ ಮಾಸ್ತರು, ನಾವೆಲ್ಲ ಗುರೂಜಿ ಎನ್ನುವವರು, ಕೇಳಿದರು. "ಅಣ್ಣಾರ, ನಳ ಯಾರ ತಗದ್ರು?"

ನಾನು ಹೇಳಿದೆ: "ಗುರೂಜಿ, ಡಾಕ್ಟರಗ ಗಡಿಯಾಳ ತಿಳೀತದೇನ್ರೀ? ಅಂವನ ಗಡಿಯಾಳದಾಗ ಈಗ ಆರು."

ಆ ಸಂಕಟದಲ್ಲೂ ಇಬ್ಬರು ಮೂವರು ನಕ್ಕರು. ನನ್ನ ಕಥೆ ಅವರಿಗೆಲ್ಲ ಗೊತ್ತಿತ್ತಲ್ಲ. ಆ ನಗುವೇ ತೀರ್ಪಾಯಿತು.

"ಖರೇ ಏನಪಾ?" ಎಂದರು ಗುರೂಜಿ.

ಡಾಕ್ಟರ್ ನನ್ನನ್ನು ನೋಡಿದ, ಬಹಳ ಹೊತ್ತಲ್ಲ. "ಹೌದ್ರಿ ಗುರೂಜಿ. ಚುಕಲಂ, ತಪ್ಪಾತು. ನಂದೇ" ಎಂದ.

"ನಾಳಿತನಾ ಖೋಲಿ ಖಾಲಿ ಮಾಡಸ್ರಿ ಅಣ್ಣಾರ" ಎಂದು ಹೇಳಿ ಗುರೂಜಿ ಬಾಗಿಲು ಹಾಕಿಕೊಂಡರು.

ನಮ್ಮಾಕಿ ಅಂಗಳದ ಎರಡು ತುಂಬಿದ ಪಿಪಾಯಿ ನೋಡಿದಳು.  ಸಂಜೆತನಕ ಕೊಡ ಕೊಡವಾಗಿ ಆ ನೀರನ್ನು ಬಾಣಂತಿಯ ಮನೆಗೆ ಹೊತ್ತಳು. ನಾನು ಕೈಹಚ್ಚಲು ಹೋದರೆ, "ಮುಟ್ಟಬ್ಯಾಡ್ರಿ" ಎಂದಳು.

ನಾನು ಮಾಳಿಗೆ ಹತ್ತಿದೆ. ಅವನು ಪುಸ್ತಕ ಕಟ್ಟುತ್ತಿದ್ದ. ಪರೀಕ್ಷೆಗೆ ಎರಡು ತಿಂಗಳಿತ್ತು. ಬೇರೆ ಖೋಲಿ ಸಿಗುವುದಿಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ಎರಡು ತಿಂಗಳು ಅವನು ಕಾಲೇಜಿನ ದನದ ಕೊಟ್ಟಿಗೆಯ ಪಕ್ಕ, ಮೇವಿನ ಖೋಲಿಯಲ್ಲಿ ಮಲಗಿದನೆಂದು ಆಮೇಲೆ ಕೇಳಿದೆ. ಪರೀಕ್ಷೆ ಮುಗಿಸಿ, ಪಾಸಾಗಿ, ತನ್ನ ದೇಶಕ್ಕೆ ಹೋದ.

"ಯಾಕ ಹಂಗ ಅಂದಿ?" ಎಂದು ಬಾಗಿಲಲ್ಲೇ ನಿಂತು ಕೇಳಿದೆ.

ಅವನು ಹಗ್ಗದ ಗಂಟು ಬಿಗಿಯುತ್ತ, "ಕಾಕಾ, ನಾ ಎರಡ ವರ್ಷಕ್ಕ ಬಂದಾಂವ. ನೀವು ಇದೇ ಓಣಿದಾಗ ಇರಬೇಕಲ್ಲ" ಎಂದ.

ಅದಕ್ಕೆ ಉತ್ತರವಾಗಿ ನನ್ನ ಬಾಯಿಂದ ಬಂದದ್ದು ಇಷ್ಟೇ: "ಹೋಗೂಮುಂದ ಫ್ಯಾನ್ ಬಂದ್ ಮಾಡು."

ಆಮೇಲೆ ಮಳೆ ಬಂತು. ಗುರೂಜಿ ತೀರಿಹೋದರು, ನಮ್ಮಾಕಿಯೂ ಹೋದಳು. ನಾನು ಇದೇ ಓಣಿಯಲ್ಲಿದ್ದೇನೆ. ಹಾದುಹೋಗುವವರೆಲ್ಲ ಕೈಮುಗಿಯುತ್ತಾರೆ. ಆ ನಮಸ್ಕಾರ ಇನ್ನೊಬ್ಬನದು. ತಪ್ಪಾಯಿತೆಂದು ನಾನು ಕ್ಷಮೆ ಕೇಳಬೇಕಾದದ್ದು, ಕೇಳದೆ ಉಳಿದದ್ದು, ಅವನಲ್ಲಿ. ಇಷ್ಟು ಹೊತ್ತು ಬರೀ ಡಾಕ್ಟರ್ ಎಂದೆನಲ್ಲ, ಆ ಮುಲುಗೆಟಾನಲ್ಲಿ.